ಗೋಡೆ ಕ್ಯಾಲೆಂಡರ್ ಕಲಿಸಿದ್ದು: ಮನೆ, ಆಫೀಸು, ಫೋನು ಮೂರನ್ನೂ ಹಿಡಿತಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಅಮ್ಮನ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇರುತ್ತಿತ್ತು. ಅದರ ಮೊಳೆಗೇ ದಾರ ಕಟ್ಟಿ ಒಂದು ಪೆನ್ನು ಇಳಿಬಿಟ್ಟಿದ್ದರು. ಹಾಲು ಅರ್ಧ ಲೀಟರ್ ಜಾಸ್ತಿ ತೆಗೆದುಕೊಂಡ ದಿನ ಆ ತಾರೀಖಿನ ಚೌಕದಲ್ಲಿ ‘½’ ಅಂತ ಬರೆಯುತ್ತಿದ್ದರು. ಹೊಸ ಸಿಲಿಂಡರ್ ಹಾಕಿದ ದಿನ ‘ಗ್ಯಾಸ್’. ಪೇಪರ್ ಬರದ ದಿನ ಒಂದು ಇಂಟು ಗುರುತು. ತಿಂಗಳ ಕೊನೆಗೆ ಹಾಲಿನವರು ಬಾಗಿಲಿಗೆ ಬಂದರೆ ಲೆಕ್ಕ ಎರಡೇ ನಿಮಿಷ. ಅಮ್ಮ ‘ಅಯ್ಯೋ, ಮರೆತೇಹೋಯ್ತು’ ಅಂದಿದ್ದನ್ನು ನಾನು ಕೇಳಿದ ನೆನಪಿಲ್ಲ.

ನನ್ನ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ನೆನಪಿಸಲೆಂದೇ ಹಾಕಿಕೊಂಡ ಐದು ಆಪ್ ಇದ್ದವು. ಆದರೂ ಕೆಲವು ವರ್ಷಗಳ ಹಿಂದೆ ಅಪ್ಪನ ಆರೋಗ್ಯ ವಿಮೆಯ ಕಂತು ತಪ್ಪಿಹೋಯಿತು. ಕಂಪನಿಯಿಂದ ಇಮೇಲ್ ಬಂದಿತ್ತು. ಎಸ್‌ಎಂಎಸ್ ಮೂರು ಸಲ ಬಂದಿತ್ತು. ಅದರಲ್ಲಿ ಒಂದನ್ನು ಬಸ್ ಸ್ಟಾಪಿನಲ್ಲಿ ನಿಂತು ಓದಿದ್ದು ಇವತ್ತಿಗೂ ನೆನಪಿದೆ. ‘ಸಂಜೆ ಮನೆಗೆ ಹೋಗಿ ಕಟ್ಟೋಣ’ ಅಂದುಕೊಂಡೆ. ಸಂಜೆ ಮಗಳಿಗೆ ಜ್ವರ. ಮಾರನೇ ದಿನದ ಹೊತ್ತಿಗೆ ಆ ಮೆಸೇಜು ಸೀರೆ ಸೇಲ್‌ಗಳ, ಒಟಿಪಿಗಳ ಕೆಳಗೆ ಎಲ್ಲೋ ಹೋಗಿತ್ತು. ಗಡುವಿನ ಮೇಲೆ ಕೊಡುವ 30 ದಿನವೂ ಮುಗಿದ ಮೇಲೆ ನನಗೆ ಎಚ್ಚರವಾಯಿತು. ಹೊಸ ಪಾಲಿಸಿ ಸಿಕ್ಕಿತು ನಿಜ. ಆದರೆ ಅಪ್ಪನ ಸಕ್ಕರೆ ಕಾಯಿಲೆಗೆ, ಬಿಪಿಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಗಳ ಖರ್ಚನ್ನು ವಿಮೆ ಕೊಡದ ಅವಧಿ, ಮತ್ತೆ ಮೊದಲಿಂದ ಶುರುವಾಯಿತು. ಅಪ್ಪ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಆಮೇಲೆ ತುಂಬ ದಿನ ಯೋಚಿಸಿದೆ. ನನಗೆ ನೆನಪಿಸುವವರು ಬೇಕಾದಷ್ಟು ಇದ್ದರು. ಅದನ್ನು ಕೂತು ನೋಡುವ ಹೊತ್ತು ಅಂತ ಒಂದು ಇರಲಿಲ್ಲ. ಅಮ್ಮನಿಗೆ ಅದಿತ್ತು. ಬೆಳಗ್ಗೆ ಒಲೆ ಹಚ್ಚುವಾಗ ಕಣ್ಣು ತಾನಾಗಿ ಆ ಗೋಡೆಯ ಮೇಲೆ ಬೀಳುತ್ತಿತ್ತು. ಬರೆಯುವುದಕ್ಕೆ ಒಂದೇ ಜಾಗ, ನೋಡುವುದಕ್ಕೆ ಒಂದೇ ಹೊತ್ತು. ಆಪ್ ಯಾವುದಾದರೂ ಇರಲಿ, ಈ ಎರಡು ಇಲ್ಲದಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. ಅವತ್ತಿನಿಂದ ನಾನು ಮಾಡಿದ್ದೆಲ್ಲ ಫೋನನ್ನು ಅಮ್ಮನ ಕ್ಯಾಲೆಂಡರ್‌ನಂತೆ ಮಾಡಿಕೊಳ್ಳುವ ಪ್ರಯತ್ನ. ನಾನು ಮೈಸೂರಿನ ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಯಜಮಾನರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಇಂಥ ಒಂದು ಮನೆಯಲ್ಲಿ ನಡೆದು ನಿಂತಿರುವ ವಿಧಾನ. ನಿಮ್ಮ ಮನೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಮೊದಲ ಹೆಜ್ಜೆ: ತಲೆಯಲ್ಲಿರುವುದನ್ನೆಲ್ಲ ಹಾಳೆಗೆ ಇಳಿಸಿ

ಆಪ್ ತೆರೆಯಬೇಡಿ. ಒಂದು ಭಾನುವಾರ ಸಂಜೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಮಗಳ ಹಳೇ ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ತಲೆಯಲ್ಲಿ ಏನೇನು ಓಡುತ್ತಿದೆಯೋ ಎಲ್ಲ ಬರೆಯಿರಿ. ಚಿಕ್ಕದು ದೊಡ್ಡದು ನೋಡಬೇಡಿ. ಕ್ರಮದ ಚಿಂತೆ ಬೇಡ.

ನನ್ನ ಮೊದಲ ಹಾಳೆ ಇನ್ನೂ ಇದೆ. ಮೇಲಿನಿಂದ ಕೆಲವು ಸಾಲು: ‘ಗೀಸರ್. ಅತ್ತೆ ಕಣ್ಣು. ಸ್ಕೂಟರ್ ಹೊಗೆ ಸರ್ಟಿಫಿಕೇಟ್. ಹಾಸನದ ಮದುವೆ, ಮುಯ್ಯಿ. ಆಫೀಸಿನ ಜಿಎಸ್‌ಟಿ ಫೈಲು. ಬ್ಯಾಂಕಲ್ಲಿ ನಾಮಿನಿ. ಮಗಳ ಶೂ. ಪಕ್ಕದ ಮನೆ ಆಂಟಿಗೆ ಕುಕ್ಕರ್ ವಾಪಸ್.’ ಹೀಗೆ 61 ಸಾಲು ಆಯಿತು. ಬರೆದು ಮುಗಿಸಿದ ಮೇಲೆ ಒಂದು ಕೆಲಸವೂ ಆಗಿರಲಿಲ್ಲ. ಆದರೂ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇದಕ್ಕೆ ಕಾರಣವಿದೆ. ಬ್ಲೂಮಾ ಜೈಗಾರ್ನಿಕ್ ಎಂಬ ಮನಃಶಾಸ್ತ್ರಜ್ಞೆ 1927ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತದೆ ಅನ್ನುವುದು ಅವರು ಕಂಡುಕೊಂಡ ವಿಷಯ. ದರ್ಶಿನಿಗಳು ಬರುವ ಮುಂಚಿನ ಹೋಟೆಲಿನ ಮಾಣಿಗಳನ್ನು ನೆನಪಿಸಿಕೊಳ್ಳಿ. ಆರು ಟೇಬಲ್‌ನ ಇಡ್ಲಿ, ವಡೆ, ಬೈಟು ಕಾಫಿ ಎಲ್ಲ ಬಾಯಲ್ಲೇ ಇರುತ್ತಿತ್ತು. ಬಿಲ್ ಆದ ಮೇಲೆ ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಃಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುತ್ತೇನೆ ಅಂತ ಗಟ್ಟಿ ಯೋಜನೆ ಹಾಕಿಕೊಂಡರೂ ಮನಸ್ಸು ಅದನ್ನು ಪದೇ ಪದೇ ಎತ್ತುವುದು ನಿಲ್ಲಿಸುತ್ತದೆ. ಹಾಳೆಗೆ ಇಳಿಸುವುದು ಈ ಕಾರಣಕ್ಕೆ. ಮುಂದಿನ ಹೆಜ್ಜೆ ಯೋಜನೆ.

ಎರಡನೇ ಹೆಜ್ಜೆ: ಮೂರು ಡಬ್ಬಿಗೆ ಹಂಚಿ

ಹಾಳೆಯ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ. ಇದಕ್ಕೆ ತಾರೀಖು ಇದೆಯಾ? ಇದ್ದರೆ ಕ್ಯಾಲೆಂಡರ್‌ಗೆ. ತಾರೀಖು ಇಲ್ಲ, ಆದರೆ ಮಾಡಬೇಕು ಅಂದರೆ ಕೆಲಸದ ಪಟ್ಟಿಗೆ. ಮಾಡುವುದೇನೂ ಇಲ್ಲ, ಬರೀ ಬೇಕಾದಾಗ ಸಿಗಬೇಕು ಅಂದರೆ ಟಿಪ್ಪಣಿಗೆ. ಮಗಳ ಶೂ ಅಳತೆ, ವಾಟರ್ ಫಿಲ್ಟರ್ ಮಾಡೆಲ್ ನಂಬರ್, ಮುಯ್ಯಿ ಲೆಕ್ಕ ಎಲ್ಲ ಟಿಪ್ಪಣಿ.

ನಾನು ಬಳಸುವುದು ಗೂಗಲ್ ಕ್ಯಾಲೆಂಡರ್, ಗೂಗಲ್ ಟಾಸ್ಕ್ಸ್, ಗೂಗಲ್ ಕೀಪ್. ಮೂರೂ ಉಚಿತ. ಜಿಮೇಲ್ ಖಾತೆ ಇದ್ದರೆ ಸಾಕು, ಕಂಪ್ಯೂಟರಲ್ಲೂ ಕಾಣುತ್ತವೆ. ಐಫೋನ್ ಇರುವವರಿಗೆ ಫೋನಿನ ಜೊತೆಗೇ ಬರುವ ಕ್ಯಾಲೆಂಡರ್, ರಿಮೈಂಡರ್ಸ್, ನೋಟ್ಸ್ ಇದೇ ಕೆಲಸ ಮಾಡುತ್ತವೆ. ಇದಕ್ಕಿಂತ ಚೆಂದದ ಆಪ್‌ಗಳು ಬೇಕಾದಷ್ಟು ಇವೆ. ಅವನ್ನು ಹುಡುಕಿಕೊಂಡು ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ತಿಂಗಳಿಗೊಂದು ಆಪ್ ಬದಲಾಯಿಸಿದಾಗಲೆಲ್ಲ ಹಳೆಯದರಲ್ಲಿ ಹತ್ತು ವಿಷಯ ಉಳಿದುಬಿಡುತ್ತವೆ. ನನ್ನ ಐದು ಆಪ್‌ಗಳಲ್ಲಿ ಆದದ್ದು ಅದೇ.

ಕೆಲಸದ ಪಟ್ಟಿಯಲ್ಲಿ ಬರೆಯುವ ರೀತಿಯೇ ಮುಖ್ಯ. ‘ಗೀಸರ್’ ಅಂತ ಬರೆದರೆ ಅದು ಆರು ತಿಂಗಳು ಹಾಗೇ ಇರುತ್ತದೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ, ಏನು ಮಾಡಬೇಕೆಂದು ಹೊಳೆಯುವುದಿಲ್ಲ. ‘ಗೀಸರ್ ರಿಪೇರಿಯವರಿಗೆ ಫೋನ್ ಮಾಡಿ ಶನಿವಾರ ಬರಲು ಹೇಳು’ ಅಂತ ಬರೆದರೆ ಕೈ ತಾನಾಗಿ ಫೋನಿಗೆ ಹೋಗುತ್ತದೆ. ‘ಅತ್ತೆ ಕಣ್ಣು’ ಅನ್ನುವುದು ಚಿಂತೆ. ‘ಅತ್ತೆ ಕಣ್ಣು ತೋರಿಸಲು ಅಪಾಯಿಂಟ್‌ಮೆಂಟ್ ತಗೋ, ಹಳೇ ಚೀಟಿ ಹುಡುಕು’ ಅನ್ನುವುದು ಕೆಲಸ. ಪ್ರತಿ ಸಾಲೂ ಒಂದು ಕ್ರಿಯೆಯಿಂದ ಮುಗಿಯಬೇಕು: ಮಾಡು, ಕೇಳು, ಕಟ್ಟು, ಕಳಿಸು, ಕೊಂಡುಬಾ. ಕನ್ನಡದಲ್ಲೇ ಬರೆಯಿರಿ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ. ಹಿಟ್ಟಿನ ಕೈಯಲ್ಲಿ ಇರುವವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ?

ಮೂರನೇ ಹೆಜ್ಜೆ: ವರ್ಷದ ತಾರೀಖುಗಳನ್ನು ಒಂದೇ ಸಲ ತುಂಬಿ

ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಹಣ, ಸಮಯ ಉಳಿಸಿದ್ದು ಈ ಹೆಜ್ಜೆ. ಒಂದು ಮಧ್ಯಾಹ್ನ ಮನೆಯ ಫೈಲುಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಯಜಮಾನರು ತಾರೀಖು ಓದಿ ಹೇಳುವುದು, ನಾನು ಹಾಕುವುದು.

ವಿಮೆಗಳು ಮೊದಲು. ಒಂದು ವಿಷಯ ಗಮನಿಸಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಒಂದು ಈವೆಂಟ್‌ಗೆ ಹೆಚ್ಚೆಂದರೆ 4 ವಾರ ಮುಂಚಿತವಾಗಿ ಮಾತ್ರ ನೆನಪು ಇಡಬಹುದು. ಆರೋಗ್ಯ ವಿಮೆಗೆ ಅದು ಸಾಲದು. ಹಾಗಾಗಿ ಎರಡು ಈವೆಂಟ್ ಮಾಡಿ. ಕೊನೇ ದಿನದಂದು ಒಂದು. ಅದಕ್ಕೆ 45 ದಿನ ಮೊದಲು ಇನ್ನೊಂದು: ‘ಅಪ್ಪನ ವಿಮೆ, ಈ ವಾರ ಕಂತು ವಿಚಾರಿಸು’. ಬೇರೆ ಕಂಪನಿಗೆ ಪೋರ್ಟ್ ಮಾಡುವ ಯೋಚನೆ ಇದ್ದರೂ ಆಗ ಸಮಯ ಸಿಗುತ್ತದೆ. ಎರಡನ್ನೂ ಪ್ರತಿ ವರ್ಷ ಮರುಕಳಿಸುವಂತೆ ಇಡಿ. ಕಟ್ಟಿದ ಮೇಲೆ ಈವೆಂಟ್ ಅಳಿಸಬೇಡಿ, ವಿವರಣೆಯಲ್ಲಿ ‘2025: ಕಟ್ಟಿದೆ, ರಸೀದಿ ಡ್ರೈವ್‌ನಲ್ಲಿ’ ಅಂತ ಒಂದು ಸಾಲು ಸೇರಿಸಿ.

ಗಾಡಿ ವಿಮೆ, ಹೊಗೆ ತಪಾಸಣೆ ಜೊತೆಗೇ ಬರಲಿ. ಬಿಎಸ್-4, ಬಿಎಸ್-6 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಗಾಡಿಗಳ ಹೊಗೆ ಸರ್ಟಿಫಿಕೇಟ್ 1 ವರ್ಷ ನಡೆಯುತ್ತದೆ. ಅದಕ್ಕಿಂತ ಹಳೆಯ ಗಾಡಿಗಳಿಗೆ 6 ತಿಂಗಳು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ, ಆದ್ದರಿಂದ ಅದನ್ನು ಏಪ್ರಿಲ್ ಮೊದಲ ವಾರಕ್ಕೇ ಹಾಕಿ. ಸಂಬಳದಾರರ ಆದಾಯ ತೆರಿಗೆ ರಿಟರ್ನ್ ಸಾಮಾನ್ಯವಾಗಿ ಜುಲೈ 31ರೊಳಗೆ. ನಾನು ‘ಜುಲೈ 5’ ಅಂತ ಹಾಕಿದ್ದೇನೆ, ಕೊನೇ ವಾರದಲ್ಲಿ ವೆಬ್‌ಸೈಟ್ ಮುಂದೆ ಕಾಯುವ ಸಂಕಟ ಬೇಡ ಅಂತ. ಸ್ವಂತ ಉದ್ಯೋಗ ಮಾಡುವವರು ಮುಂಗಡ ತೆರಿಗೆಯ ನಾಲ್ಕು ದಿನಗಳನ್ನು ಬರೆದಿಡಿ: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ಮನೆಯಲ್ಲಿ ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವ ಹಿರಿಯರಿದ್ದರೆ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ದೊಡ್ಡವರ ಪಾಸ್‌ಪೋರ್ಟ್ 10 ವರ್ಷದ್ದು, ಆದರೆ ಕೊನೇ ಆರು ತಿಂಗಳಲ್ಲಿ ಅದನ್ನು ಒಪ್ಪದ ದೇಶಗಳು ಹಲವು. ಒಂದು ವರ್ಷ ಮೊದಲೇ ನೆನಪು ಹಾಕಿಕೊಳ್ಳಿ. ಬ್ಯಾಂಕಿನ ಎಫ್‌ಡಿ ಮುಗಿಯುವ ದಿನ, ಬಾಡಿಗೆ ಕರಾರು, ಸಂಪು ತೊಳೆಯುವುದು, ಎಲ್ಲವೂ ಇದೇ ಕ್ಯಾಲೆಂಡರ್‌ಗೆ.

ಒಂದು ಕಡೆ ಮಾತ್ರ ಫೋನು ಸೋಲುತ್ತದೆ. ನಮ್ಮ ಹಬ್ಬ, ಹಿರಿಯರ ತಿಥಿ ಪಂಚಾಂಗದ ಪ್ರಕಾರ. ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಮಾವನವರ ವಾರ್ಷಿಕವನ್ನು ‘ಪ್ರತಿ ವರ್ಷ’ ಅಂತ ಒತ್ತಿಬಿಟ್ಟರೆ ಮುಂದಿನ ವರ್ಷ ತಪ್ಪು ದಿನ ತೋರಿಸುತ್ತದೆ. ನಮ್ಮಲ್ಲಿ ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ಅತ್ತೆ ಅದನ್ನು ಹಿಡಿದು ಕೂರುತ್ತಾರೆ. ಬೇವು ಬೆಲ್ಲ ತಿಂದು, ಊಟ ಆದ ಮೇಲೆ ಅವರು ಒಂದೊಂದಾಗಿ ಹೇಳುತ್ತಾರೆ, ಮಗಳು ಫೋನಿಗೆ ಹಾಕುತ್ತಾಳೆ. ‘ಭಾದ್ರಪದ ಬಹುಳ ಅಂದ್ರೆ ಯಾವಾಗ ಅಜ್ಜಿ?’ ಅಂತ ಕೇಳಿಕೊಂಡು ಹಾಕುವ ಆ ಅರ್ಧ ಗಂಟೆ ನನಗೆ ತುಂಬ ಇಷ್ಟ. ತಿಂಗಳ ಹೆಸರುಗಳು ಅವಳಿಗೆ ಹಾಗೇ ಬಾಯಿಗೆ ಬಂದವು.

ಕ್ಯಾಲೆಂಡರನ್ನು ಮನೆಯವರ ಜೊತೆ ಹಂಚಿಕೊಳ್ಳಿ. ಕಂಪ್ಯೂಟರಿನಲ್ಲಿ ತೆರೆದು ‘ಮನೆ’ ಅಂತ ಹೊಸ ಕ್ಯಾಲೆಂಡರ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಯಜಮಾನರ ಅಥವಾ ಹೆಂಡತಿಯ ಜಿಮೇಲ್ ಸೇರಿಸಿ, ಬದಲಾವಣೆ ಮಾಡುವ ಅನುಮತಿ ಕೊಡಿ. ಇದರಿಂದ ‘ನೀನು ಹೇಳಲೇ ಇಲ್ಲ’ ಅನ್ನುವ ಜಗಳ ನಮ್ಮ ಮನೆಯಲ್ಲಿ ನಿಂತಿದೆ. ಮನೆಯ ನೆನಪಿನ ಭಾರವೆಲ್ಲ ಹೆಂಗಸರ ತಲೆಯ ಮೇಲೇ ಇರಬೇಕು ಅನ್ನುವುದೂ ಇಲ್ಲ. ಗ್ಯಾಸ್ ಬುಕ್ ಮಾಡುವುದು, ಗಾಡಿ ಸರ್ವೀಸ್, ಅತ್ತೆಯ ಮಾತ್ರೆ ತರುವುದು ಈಗ ಯಜಮಾನರ ಹೆಸರಿನಲ್ಲೇ ಇವೆ.

ನಾಲ್ಕನೇ ಹೆಜ್ಜೆ: ನೋಡುವ ಹೊತ್ತನ್ನು ಗೊತ್ತು ಮಾಡಿ

ಇಲ್ಲಿಯವರೆಗಿನದ್ದು ಯಾರು ಬೇಕಾದರೂ ಒಂದು ವಾರದಲ್ಲಿ ಮಾಡಬಹುದು. ಮೂರನೇ ವಾರಕ್ಕೆ ಅದು ಧೂಳು ಹಿಡಿಯುವುದು ಈ ಹೆಜ್ಜೆ ಬಿಟ್ಟವರ ಮನೆಯಲ್ಲಿ.

ಹೊಸ ಅಭ್ಯಾಸಕ್ಕೆ ಹೊಸ ಹೊತ್ತು ಹುಡುಕಬೇಡಿ. ಈಗಾಗಲೇ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ. ನನ್ನದು ಕಾಫಿ ಫಿಲ್ಟರ್. ಬೆಳಗ್ಗೆ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿಯುವ ನೀರು ಸುರಿದು ಮುಚ್ಚಳ ಹಾಕುತ್ತೇನೆ. ಡಿಕಾಕ್ಷನ್ ಇಳಿಯಲು ಹತ್ತು ನಿಮಿಷವಾದರೂ ಬೇಕು. ಮೊದಲು ಆ ಹತ್ತು ನಿಮಿಷ ಸುಮ್ನೆ ವಾಟ್ಸಾಪ್ ಸ್ಟೇಟಸ್ ನೋಡುತ್ತಾ ನಿಂತಿರುತ್ತಿದ್ದೆ. ಈಗ ಅಡುಗೆಮನೆ ಸ್ಟೂಲಿನ ಮೇಲೆ ಕೂತು ಕ್ಯಾಲೆಂಡರ್ ತೆರೆಯುತ್ತೇನೆ. ಇವತ್ತು ಏನಿದೆ, ನಾಳೆ ಏನಿದೆ. ಆಮೇಲೆ ಕೆಲಸದ ಪಟ್ಟಿ. ಅದರಲ್ಲಿ ಇವತ್ತಿಗೆ ಮೂರು ಆರಿಸಿಕೊಳ್ಳುತ್ತೇನೆ. ಮೂರೇ. ಅಷ್ಟು ಹೊತ್ತಿಗೆ ಫಿಲ್ಟರಿನ ಕೆಳಗಿನ ಪಾತ್ರೆ ಬೆಚ್ಚಗಾಗಿರುತ್ತದೆ, ಹಾಲು ಉಕ್ಕಲು ಬಂದಿರುತ್ತದೆ. ಕಾಫಿ ಬೆರೆಸುವಾಗ ಇವತ್ತಿನ ದಿನ ನನ್ನ ಕಣ್ಣ ಮುಂದೆ ಇರುತ್ತದೆ.

ನಿಮ್ಮದು ಬೇರೆ ಇರಬಹುದು. ದೇವರ ದೀಪ ಹಚ್ಚಿದ ಮೇಲೆ, ಕಂಪನಿ ಬಸ್ಸಿನಲ್ಲಿ ಸೀಟು ಹಿಡಿದ ಮೇಲೆ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ. ‘ಇದಾದ ಮೇಲೆ ಅದು’ ಅಂತ ಒಂದು ವಾಕ್ಯ ಬರೆದು ಅಂಟಿಸಿ.

ರಾತ್ರಿ ಐದು ನಿಮಿಷ ಸಾಕು. ಫೋನ್ ಚಾರ್ಜಿಗೆ ಹಾಕುವ ಮುಂಚೆ ಆದದ್ದಕ್ಕೆ ಟಿಕ್, ಆಗದ್ದನ್ನು ಮುಂದಕ್ಕೆ, ಹೊಸದಾಗಿ ತಲೆಗೆ ಬಂದದ್ದನ್ನು ಪಟ್ಟಿಗೆ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಅದನ್ನು ನಂಬಿ 22ನೇ ದಿನ ಬಿಟ್ಟವರು ‘ನನ್ನ ಕೈಲಿ ಆಗಲ್ಲ’ ಅಂದುಕೊಳ್ಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಅಂತ ಬಂತು. ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ ಬೇಕಾಗಬಹುದೆಂಬ ಅಂದಾಜು. ಅದರಲ್ಲೇ ಇನ್ನೊಂದು ಸಮಾಧಾನದ ವಿಷಯವಿದೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಹಾಗಾಗಿ ಎರಡು ತಿಂಗಳು ಅಂತ ಮನಸ್ಸು ಮಾಡಿ ಶುರು ಮಾಡಿ.

ಐದನೇ ಹೆಜ್ಜೆ: ಆ ಮೂರು ಕೆಲಸಕ್ಕೆ ಜಾಗ ಕೊಡಿ

ಆರಿಸಿದ ಮೂರರಲ್ಲಿ ಒಂದು ಕಷ್ಟದ್ದು ಇದ್ದೇ ಇರುತ್ತದೆ. ನನಗೆ ಅದು ತಿಂಗಳ ಕೊನೆಯ ಲೆಕ್ಕ ತಾಳೆ ನೋಡುವುದು. ಅದನ್ನು ಬೆಳಗ್ಗೆ ಆಫೀಸಿನ ಮೊದಲ ಗಂಟೆಗೇ ಇಟ್ಟುಕೊಳ್ಳುತ್ತೇನೆ. ಕ್ಯಾಲೆಂಡರ್‌ನಲ್ಲಿ 10ರಿಂದ 11 ಅಂತ ಚೌಕ ಹಾಕಿ ‘ತಾಳೆ’ ಅಂತ ಬರೆದಿರುತ್ತೇನೆ. ಇಮೇಲ್ 11ಕ್ಕೆ ಒಂದು ಸಲ, 4ಕ್ಕೆ ಒಂದು ಸಲ. ತುರ್ತಾಗಿ ಬೇಕಾದವರು ಫೋನ್ ಮಾಡುತ್ತಾರೆ, ಮಾಡಲಿ. ಆಮೇಲೆ ನೋಡಬೇಕಾದ ಮೇಲ್ ಇದ್ದರೆ ಜಿಮೇಲ್‌ನ ಸ್ನೂಜ್ ಒತ್ತಿ ದಿನ ಹೇಳಿಬಿಡಿ, ಆ ದಿನ ತಾನಾಗಿ ಮೇಲೆ ಬರುತ್ತದೆ.

ಕೂತರೂ ಮನಸ್ಸು ನಿಲ್ಲದಿದ್ದರೆ ಪೊಮೊಡೊರೊ ವಿಧಾನ ಮಾಡಿ ನೋಡಿ. ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದುವಾಗ ಅಡುಗೆಮನೆಯ ಒಂದು ಟೈಮರ್ ಇಟ್ಟುಕೊಂಡು ಇದನ್ನು ರೂಪಿಸಿದ. ಟೈಮರ್ ಟೊಮೆಟೊ ಆಕಾರದಲ್ಲಿತ್ತು, ಇಟಾಲಿಯನ್‌ನಲ್ಲಿ ಪೊಮೊಡೊರೊ ಅಂದರೆ ಟೊಮೆಟೊ. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ಫೋನಿನ ಗಡಿಯಾರದಲ್ಲೇ ಟೈಮರ್ ಇದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಓದುವ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಫೋನ್ ಬದಲು ಅಲಾರಾಂ ಗಡಿಯಾರ ಕೊಡಿ. ಟೈಮರ್ ನೋಡಲು ಫೋನ್ ಎತ್ತಿದರೆ ರೀಲ್ಸ್ ಅಲ್ಲೇ ಕಾದಿರುತ್ತದೆ.

ಆರನೇ ಹೆಜ್ಜೆ: ವಾಟ್ಸಾಪ್‌ಗೆ ಬೇಲಿ ಹಾಕಿ

ನಮ್ಮ ಜೀವನದ ಅರ್ಧ ಕೆಲಸ ಈಗ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ಶಾಲೆಯ ಸೂಚನೆ, ಅಪಾರ್ಟ್‌ಮೆಂಟಿನ ನೀರಿನ ಸುದ್ದಿ, ಮದುವೆ ಆಮಂತ್ರಣ, ಆಫೀಸಿನ ಎಕ್ಸೆಲ್ ಫೈಲು, ಗುಡ್ ಮಾರ್ನಿಂಗ್ ಹೂವು ಎಲ್ಲ ಒಂದೇ ಕಡೆ ಬಂದು ಬೀಳುತ್ತವೆ. ಅದನ್ನು ಬಿಡಲು ಆಗುವುದಿಲ್ಲ, ಹತೋಟಿಗೆ ತರಬಹುದು.

ಮೊದಲು ಗ್ರೂಪ್‌ಗಳು. ಒಂದೊಂದನ್ನೂ ನೋಡಿ. ಮಗಳ ಕ್ಲಾಸಿನ ಗ್ರೂಪ್ ಮತ್ತು ಮನೆಯವರ ಗ್ರೂಪ್ ಮೇಲೆ ಪಿನ್ ಮಾಡಿ. ಉಳಿದವನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಸೆಟ್ಟಿಂಗ್ಸ್‌ನ ಚಾಟ್ಸ್‌ನಲ್ಲಿ ‘ಕೀಪ್ ಚಾಟ್ಸ್ ಆರ್ಕೈವ್ಡ್’ ಆನ್ ಇದ್ದರೆ ಹೊಸ ಮೆಸೇಜ್ ಬಂದರೂ ಅವು ಅಲ್ಲೇ ಇರುತ್ತವೆ. ಯಾರಿಗೂ ಬೇಜಾರಿಲ್ಲ, ಗ್ರೂಪ್ ಬಿಟ್ಟ ಹಾಗೂ ಆಗಲಿಲ್ಲ. ಸಂಜೆ ಒಮ್ಮೆ ತೆರೆದು ನೋಡಿದರೆ ಸಾಕು.

ಎರಡನೆಯದು, ನಿಮಗೇ ನೀವು ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯ. 2022ರಲ್ಲಿ ವಾಟ್ಸಾಪ್ ಇದನ್ನು ತಂದಿತು. ಹೊಸ ಚಾಟ್ ಒತ್ತಿದರೆ ನಿಮ್ಮ ಹೆಸರೇ ಕಾಣುತ್ತದೆ. ರಸ್ತೆಯಲ್ಲಿ ಹೋಗುವಾಗ ಏನಾದರೂ ಹೊಳೆದರೆ ಅಲ್ಲಿ ಒಂದು ಧ್ವನಿ ಮೆಸೇಜ್ ಹಾಕಿ. ಶಾಲೆಯ ಸುತ್ತೋಲೆ ಬಂದರೆ ಅಲ್ಲಿಗೆ ಫಾರ್ವರ್ಡ್ ಮಾಡಿ. ಇದು ಬಾಗಿಲ ಪಕ್ಕದ ಬುಟ್ಟಿ ಇದ್ದಂತೆ. ರಾತ್ರಿಯ ಐದು ನಿಮಿಷದಲ್ಲಿ ಅದನ್ನು ಖಾಲಿ ಮಾಡಿ, ತಾರೀಖು ಇದ್ದದ್ದು ಕ್ಯಾಲೆಂಡರ್‌ಗೆ, ಕೆಲಸ ಇದ್ದದ್ದು ಪಟ್ಟಿಗೆ. ಬಸ್ ಸ್ಟಾಪಿನಲ್ಲಿ ಅವತ್ತು ಆ ಎಸ್‌ಎಂಎಸ್ ಅನ್ನು ನಾನು ಹೀಗೊಂದು ಬುಟ್ಟಿಗೆ ಹಾಕಿದ್ದರೆ ಸಾಕಿತ್ತು.

ನೋಟಿಫಿಕೇಶನ್ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು. ಫೋನ್ ಕರೆ, ಮನೆಯವರ ಮೆಸೇಜು, ಬ್ಯಾಂಕು, ಕ್ಯಾಲೆಂಡರ್ ಇವಿಷ್ಟಕ್ಕೆ ಸದ್ದು. ಶಾಪಿಂಗ್, ಊಟ ತರಿಸುವ ಆಪ್, ಸುದ್ದಿ, ಆಟ ಎಲ್ಲ ಆಫ್. ಕ್ಯಾಲೆಂಡರ್ ಗಂಟೆ ಹೊಡೆದಾಗ ಅದು ಕೇಳಿಸಬೇಕು ಅಂದರೆ ಉಳಿದವು ಸುಮ್ಮನಿರಬೇಕು, ಅಲ್ವಾ? ರಾತ್ರಿ 10ರ ಮೇಲೆ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅಪ್ಪ ಅಮ್ಮನ ನಂಬರಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ.

ಏಳನೇ ಹೆಜ್ಜೆ: ಕಾಗದಪತ್ರ ಕೇಳಿದ ಕೂಡಲೇ ಸಿಗುವಂತೆ ಮಾಡಿ

‘ಎಲ್ಲಿಟ್ಟಿದ್ದೆ’ ಅಂತ ಬೀರು ತಡಕಾಡುವುದರಲ್ಲಿ ಹೋಗುವ ಸಮಯಕ್ಕೆ ಲೆಕ್ಕವಿಲ್ಲ. ಮೊದಲು ಡಿಜಿಲಾಕರ್. 2015ರಲ್ಲಿ ಶುರುವಾದ ಸರ್ಕಾರದ ಸೌಲಭ್ಯ ಇದು. ಆಧಾರ್ ಜೋಡಿಸಿದರೆ ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ, ಪ್ಯಾನ್ ಎಲ್ಲ ಅಲ್ಲಿಗೆ ಬರುತ್ತವೆ. ಇಲಾಖೆಯೇ ಅಲ್ಲಿ ನೀಡಿದ ದಾಖಲೆಗೆ ಕಾನೂನಿನಲ್ಲಿ ಅಸಲಿನಷ್ಟೇ ಬೆಲೆ. ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ. ಇದು ಗೊತ್ತಿರಲಿ.

ಉಳಿದ ಕಾಗದಗಳನ್ನು ಗೂಗಲ್ ಡ್ರೈವ್ ಆಪ್‌ನ ಸ್ಕ್ಯಾನ್‌ನಿಂದ ಪಿಡಿಎಫ್ ಮಾಡಿ. ಹೆಸರು ಇಡುವುದರಲ್ಲಿ ಒಂದು ಉಪಾಯವಿದೆ. ವರ್ಷ, ತಿಂಗಳು ಮೊದಲು ಬರಲಿ: ‘2025-04 ಆಸ್ತಿ ತೆರಿಗೆ ರಸೀದಿ’, ‘2025-06 ಅಪ್ಪ ರಕ್ತ ಪರೀಕ್ಷೆ’. ಆಗ ಫೈಲುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಜನರ ಹೆಸರಿಗೊಂದು ಫೋಲ್ಡರ್, ಮನೆಗೊಂದು, ಗಾಡಿಗೊಂದು. ಅಷ್ಟೇ, ಅದರೊಳಗೆ ಮತ್ತೆ ಫೋಲ್ಡರ್ ಬೇಡ. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ‘ಹೋದ ಸಲದ ಸಕ್ಕರೆ ಎಷ್ಟಿತ್ತು?’ ಅಂತ ಅವರು ಕೇಳಿದರೆ ಪ್ಲಾಸ್ಟಿಕ್ ಕವರ್ ಬಿಚ್ಚಿ ಹುಡುಕುವುದಿಲ್ಲ. ಫೋನ್ ತೋರಿಸುತ್ತೇನೆ.

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೊ ಮೂರೂ ಸೇರಿವೆ. ಫಾರ್ವರ್ಡ್ ವಿಡಿಯೊಗಳಿಂದ ಅದನ್ನು ತುಂಬಿಸಬೇಡಿ. ಕಾರ್ಡಿನ ಪಿನ್, ಯುಪಿಐ ಪಿನ್, ಪಾಸ್‌ವರ್ಡುಗಳನ್ನು ಕೀಪ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಬರೆದಿಡಬೇಡಿ. ಫೋನಿನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ ನಂಬರ್ (ಆ ಫೋನಿನದೇ ಗುರುತಿನ ಸಂಖ್ಯೆ) ಬರುತ್ತದೆ, ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಫೋನ್ ಕಳೆದರೆ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು. ಆನ್‌ಲೈನ್‌ ವಂಚನೆಯಲ್ಲಿ ಹಣ ಹೋದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ನಂಬರ್ ಮನೆಯ ಹಿರಿಯರಿಗೂ ಬಾಯಿಪಾಠ ಇರಲಿ.

ಎಂಟನೇ ಹೆಜ್ಜೆ: ಭಾನುವಾರದ ಅರ್ಧ ಗಂಟೆ

ದಿನದ ಹತ್ತು ನಿಮಿಷದಲ್ಲಿ ಇವತ್ತು ಮಾತ್ರ ಕಾಣುತ್ತದೆ. ವಾರಕ್ಕೊಮ್ಮೆ ಸ್ವಲ್ಪ ದೂರ ನೋಡಬೇಕು. ನಾವು ಭಾನುವಾರ ತಿಂಡಿ ಆದ ಮೇಲೆ ಕೂರುತ್ತೇವೆ. ಬರುವ ಎರಡು ವಾರದ ಕ್ಯಾಲೆಂಡರ್ ನೋಡುತ್ತೇವೆ. ಯಾರು ಮಗಳನ್ನು ಸಂಗೀತ ಕ್ಲಾಸಿಗೆ ಬಿಡುವುದು, ಯಾವತ್ತು ದಿನಸಿ, ಊರಿಗೆ ಹೋಗುವುದಿದ್ದರೆ ಟಿಕೆಟ್ ಆಯಿತಾ. ಕೀಪ್‌ನಲ್ಲಿ ದಿನಸಿ ಪಟ್ಟಿ ಹಂಚಿಕೊಂಡಿದ್ದೇವೆ. ತೊಗರಿಬೇಳೆ ಡಬ್ಬಿ ತಳ ಕಂಡವರು ಅಲ್ಲೇ ಸೇರಿಸುತ್ತಾರೆ, ಅಂಗಡಿಗೆ ಹೋದವರು ಟಿಕ್ ಮಾಡುತ್ತಾರೆ.

ಕೆಲಸದ ಪಟ್ಟಿಯಲ್ಲಿ ಒಂದು ತಿಂಗಳಿಂದ ಅಲ್ಲಾಡದೆ ಕೂತದ್ದು ಇದ್ದರೆ ಅವತ್ತೇ ತೀರ್ಮಾನ ಮಾಡಿ. ದೊಡ್ಡದಾಗಿದ್ದರೆ ಒಡೆಯಿರಿ. ಬೇರೆಯವರು ಮಾಡಬಹುದಾದರೆ ಕೊಡಿ. ಬೇಡವಾಗಿದ್ದರೆ ಅಳಿಸಿಬಿಡಿ. ‘ಹಳೇ ಸೀರೆಯಿಂದ ಕುಶನ್ ಕವರ್ ಹೊಲಿ’ ಅನ್ನುವುದು ನನ್ನ ಪಟ್ಟಿಯಲ್ಲಿ ಎಂಟು ತಿಂಗಳಿತ್ತು. ಅಳಿಸಿದ ದಿನ ಹಗುರವಾಯಿತು.

ಇನ್ನೊಂದು ಮಾತು. ಈ ಅರ್ಧ ಗಂಟೆಯಲ್ಲಿ ನಿಮ್ಮದೇ ಒಂದು ಹೊತ್ತನ್ನೂ ಕ್ಯಾಲೆಂಡರ್‌ಗೆ ಹಾಕಿ. ವಾಕಿಂಗ್, ಓದು, ಗೆಳತಿಯ ಜೊತೆ ಮಾತು, ಏನಾದರೂ. ಉಳಿಸಿದ ಸಮಯವನ್ನೆಲ್ಲ ಇನ್ನಷ್ಟು ಕೆಲಸಕ್ಕೇ ಸುರಿಯಬೇಕೆಂದೇನಿಲ್ಲ. ನನ್ನದು ಗುರುವಾರ ಸಂಜೆ ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ಸುತ್ತು. ಅದು ಕ್ಯಾಲೆಂಡರ್‌ನಲ್ಲಿ ಇದೆ, ಹಾಗಾಗಿ ಆ ಹೊತ್ತಿಗೆ ಬೇರೇನೂ ಬರುವುದಿಲ್ಲ.

ಮುರಿದಾಗ

ಮುರಿಯುತ್ತದೆ. ದಸರಾ ಬರುತ್ತದೆ, ಮನೆ ತುಂಬ ನೆಂಟರು. ಆಸ್ಪತ್ರೆ ವಾಸ ಬರುತ್ತದೆ. ಆಫೀಸಿನಲ್ಲಿ ಆಡಿಟ್ ಬರುತ್ತದೆ. ಎರಡು ವಾರ ಏನೂ ನೋಡಿರುವುದಿಲ್ಲ, ಪಟ್ಟಿ ಬೆಳೆದಿರುತ್ತದೆ. ಆಗ ಹಿಂದಿನದನ್ನೆಲ್ಲ ಸರಿ ಮಾಡಲು ಹೋಗಬೇಡಿ. ಮೊದಲ ಹೆಜ್ಜೆಗೆ ಹೋಗಿ. ಒಂದು ಹಾಳೆ, ಇಪ್ಪತ್ತು ನಿಮಿಷ. ಕ್ಯಾಲೆಂಡರ್‌ನಲ್ಲಿ ತಪ್ಪಿಹೋದ ತಾರೀಖು ಇದೆಯಾ ಅಷ್ಟೇ ನೋಡಿ, ಅದಕ್ಕೆ ಫೋನ್ ಮಾಡಿ. ಮಾರನೇ ಬೆಳಗ್ಗೆ ಮತ್ತೆ ಫಿಲ್ಟರ್ ಪಕ್ಕ ಕೂರಿ.

ನಮ್ಮ ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಈಗಲೂ ಇದೆ. ಅತ್ತೆ ಫೋನ್ ನೋಡುವುದಿಲ್ಲ, ಅವರ ಬಿಪಿ ಮಾತ್ರೆ ಮುಗಿಯುವ ದಿನ, ಹೂವಿನವರ ಲೆಕ್ಕ ಅದರಲ್ಲೇ. ಪ್ರತಿ ತಿಂಗಳು 1ನೇ ತಾರೀಖು ಹಾಳೆ ತಿರುವಿದ ಮೇಲೆ ನಾನು ಫೋನಿನಿಂದ ಮುಖ್ಯವಾದದ್ದನ್ನು ಅದಕ್ಕೆ ಬರೆಯುತ್ತೇನೆ, ಅವರು ಬರೆದದ್ದನ್ನು ಫೋನಿಗೆ ಹಾಕುತ್ತೇನೆ. ಅಪ್ಪನ ವಿಮೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದು ಮಗಳ ಕೆಲಸ. ಪೆನ್ನನ್ನು ಮೊಳೆಗೆ ದಾರದಲ್ಲಿ ಕಟ್ಟಿದ್ದೇವೆ.